ಗುದ್ದಲಿ ಯಾರ ಕೈಗೆ, ಪುಸ್ತಕ ಯಾರ ಕೈಗೆ?

ಬೆಂಗಳೂರಿನ ಸರ್ಕಾರಿ ಶಾಲೆಗಳ ಅಂಗಳದಲ್ಲಿ ಕೈತೋಟಗಳು ಏಳುತ್ತಿವೆ. ಕಾಲೇಜು ಹುಡುಗ ಹುಡುಗಿಯರು ಎನ್ನೆಸ್ಸೆಸ್ ಬ್ಯಾಡ್ಜು ಸಿಕ್ಕಿಸಿಕೊಂಡು ಬಂದು ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಮಣ್ಣಿನ ಪಾಠ ಹೇಳುತ್ತಾರೆ. ಬೀಜ ಹಾಕಿಸುತ್ತಾರೆ, ಫೋಟೋ ತೆಗೆಸುತ್ತಾರೆ, ಬಸ್ಸು ಹತ್ತುತ್ತಾರೆ. ನಾವು ಕೈತೋಟದ ವಿರೋಧಿಗಳಲ್ಲ. ಸೊಪ್ಪು ತಿಂದು ಬೆಳೆದ ಜನ ನಾವು, ಸೊಪ್ಪು ಬೇಡ ಅಂತೀವಾ? ಆದರೆ ಒಂದು ಮಾತು ಕೇಳಲೇಬೇಕಾಗಿದೆ. ಆ ಅಂಗಳದಲ್ಲಿ ಗುದ್ದಲಿ ಯಾರ ಕೈಲಿದೆ? ಪುಸ್ತಕ ಯಾರ ಕೈಲಿದೆ?

ಸರ್ಕಾರಿ ಶಾಲೆಯಲ್ಲಿ ಕೂತಿರುವ ಮಕ್ಕಳು ಯಾರವು? ಬೆಳಗಿನ ಜಾವಕ್ಕೇ ಬೀದಿ ಗುಡಿಸಲು ಹೋಗುವ ಪೌರಕಾರ್ಮಿಕರ ಮಕ್ಕಳು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದು ತಗಡಿನ ಶೆಡ್ಡುಗಳಲ್ಲಿ ಮಲಗುವ ಕಟ್ಟಡ ಕೂಲಿಗಳ ಮಕ್ಕಳು. ಮನೆಗೆಲಸದವರ, ಗಾರ್ಮೆಂಟ್ಸಿನವರ ಮಕ್ಕಳು. ಇವರಲ್ಲಿ ಎಷ್ಟೋ ಮಂದಿಯ ಹಿರೀಕರು ತಲೆತಲಾಂತರದಿಂದ ಮಣ್ಣಲ್ಲೇ ಬೆಂದವರು. ಪಹಣಿಯಲ್ಲಿ ಮಾತ್ರ ಅವರ ಹೆಸರಿರಲಿಲ್ಲ. ಉತ್ತವರು ಇವರು, ಉಂಡವರು ಬೇರೆಯವರು. ಅದಕ್ಕೇ ಊರು ಬಿಟ್ಟು ಬಂದರು. ಇಂಥವರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಉಗುರಿಗೆ ಮಣ್ಣು ಸೋಕಿಸದವರು 'ಮಣ್ಣನ್ನು ಪ್ರೀತಿಸಿ' ಎಂದು ಉಪದೇಶ ಮಾಡುವುದನ್ನು ಏನೆಂದು ಕರೆಯೋಣ?

ನಾವು ಕಂಡ ಒಂದು ಶಾಲೆಯ ಮಾತು. ಕಾಲೇಜು ಹುಡುಗಿಯೊಬ್ಬಳು ಪಾತಿಯಲ್ಲಿ ತಾನಾಗಿ ಎದ್ದಿದ್ದ ಹಸಿರನ್ನೆಲ್ಲ ಕಳೆ ಎಂದು ಕಿತ್ತು ಗುಡ್ಡೆ ಹಾಕುತ್ತಿದ್ದಳು. ಎಂಟನೇ ಕ್ಲಾಸಿನ ಹುಡುಗಿ ತಡೆಯಲಾರದೆ ಬಾಯಿಬಿಟ್ಟಳು: 'ಅಕ್ಕಾ, ಅದು ಕಳೆ ಅಲ್ಲಕ್ಕ. ಇದು ಅಣ್ಣೆಸೊಪ್ಪು, ಅದು ಗಣಿಕೆ. ನಮ್ಮಜ್ಜಿ ಹೊಲದ ಬದೀಲಿ ಕಿತ್ಕೊಂಡ್ಬಂದು ಬೆರಕೆ ಸೊಪ್ಪಿನ ಸಾರು ಮಾಡ್ತಿದ್ಲು.' ಅಕ್ಕ ನಕ್ಕಳು. ಅವಳ ಕೈಲಿದ್ದ ಪಟ್ಟಿಯಲ್ಲಿ ಆ ಹೆಸರುಗಳಿರಲಿಲ್ಲ. ಸೊಪ್ಪು ಗುಡ್ಡೆಗೇ ಹೋಯಿತು. ಅದರ ಜೊತೆ ಒಂದು ಕೇರಿಯ ಅರಿವೂ ಹೋಯಿತು. ಆ ಹುಡುಗಿ ಅವತ್ತು ಮತ್ತೆ ತುಟಿ ಬಿಚ್ಚಲಿಲ್ಲ.

ಆ ಅಕ್ಕ ಕೆಟ್ಟವಳೇನಲ್ಲ. ಅವಳಿಗೆ ಕೊಟ್ಟ ಕೆಲಸವೇ ಹಾಗಿದೆ. ಎನ್ನೆಸ್ಸೆಸ್ ಶುರುವಾದದ್ದು 1969ರಲ್ಲಿ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಮೇಲೆ ಏಳು ದಿನದ ಶಿಬಿರ. 'ನನಗಲ್ಲ, ನಿನಗೆ' ಎಂಬುದು ಅದರ ಘೋಷವಾಕ್ಯ. ಶಾಲೆಯ ಕೈತೋಟದಲ್ಲಿ ಈ ವಾಕ್ಯದ ಅರ್ಥ ನೋಡಿ: ಗುದ್ದಲಿ ನನಗಲ್ಲ, ನಿನಗೆ. ಸರ್ಟಿಫಿಕೇಟು ನಿನಗಲ್ಲ, ನನಗೆ.

'ನಾವು ಶ್ರಮ ಗೌರವ ಕಲಿಸುತ್ತಿದ್ದೇವೆ' ಅನ್ನುತ್ತಾರೆ. ಹಳೇ ರಾಗ ಇದು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬನ್ನೇ ಶಿಕ್ಷಣದ ನಡುಗಂಬ ಮಾಡಲು ಹೊರಟರು. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ, ಹಳ್ಳಿ ಮಕ್ಕಳಿಗೆ ಅರ್ಧ ಹೊತ್ತು ಶಾಲೆ ಸಾಕು, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ ಎಂದರು. ಇದು ಕುಲಕಸುಬಿನ ಶಿಕ್ಷಣ ಎಂದು ಪೆರಿಯಾರ್ ಚಳವಳಿ ಹೂಡಿದರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜ್ ಬಂದು ಯೋಜನೆಯನ್ನು ಕೈಬಿಟ್ಟರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತೆ ಹೇಳಿತು: 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ತೋಟಗಾರ, ಕುಂಬಾರರ ಹತ್ತಿರ ಕಲಿಯಲಿ. ವಕೀಲರ ಮಗನಿಗೆ ಇದು ಹತ್ತು ದಿನದ ಮೋಜು. ಹನ್ನೊಂದನೇ ದಿನ ಅವನು ಕೈ ತೊಳೆದುಕೊಂಡು ಪುಸ್ತಕಕ್ಕೆ ವಾಪಸ್ಸು ಹೋಗುತ್ತಾನೆ. ಕೂಲಿಯವಳ ಮಗಳು ಎಲ್ಲಿಗೆ ಹೋಗಬೇಕು? ಅವಳಿಗೆ ಹತ್ತು ದಿನವಲ್ಲ, ಹತ್ತು ತಲೆಮಾರಿನ ಶ್ರಮ ಮೈಯಲ್ಲೇ ಇದೆ. ಇಲ್ಲದಿರುವುದು ಪುಸ್ತಕ.

ಶಾಲೆಯಲ್ಲಿ ಕೆಲಸ ಹಂಚುವ ಹೊತ್ತಿಗೆ ಜಾತಿ ಕಣ್ಣು ಬಿಡುತ್ತದೆ. ಸಾತಾರದ ಶಾಲೆಯಲ್ಲಿ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ಬಾಲಕ ಭೀಮರಾಯನಿಗೆ ನೀರು. ಅದು ಹಳೇ ಕಾಲ ಅನ್ನುವವರು ಕೇಳಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಹೊರಬಿತ್ತು. ಬೆಂಗಳೂರಿಂದ ಎಷ್ಟು ದೂರ ಅದು? ಹಾಗಾಗಿ ನಾವು ಯಾವುದೇ ಕೈತೋಟಕ್ಕೆ ಹೋದರೂ ಮೊದಲು ಗಿಡ ನೋಡುವುದಿಲ್ಲ. ಗೊಬ್ಬರ ಹೊರುವವರು ಯಾರು, ಮೋರಿ ಬಳಿಯುವವರು ಯಾರು, ನಲ್ಲಿ ಹಿಡಿಯುವವರು ಯಾರು, ಅತಿಥಿಗೆ ಗುಲಾಬಿ ಕೊಡುವವರು ಯಾರು, ಅದನ್ನು ನೋಡುತ್ತೇವೆ.

ಹಾಗಾದರೆ ಕೈತೋಟ ಮುಚ್ಚೋಣವೇ? ಖಂಡಿತ ಬೇಡ. ಬುಡಮೇಲು ಮಾಡೋಣ.

ಗುದ್ದಲಿ ಕಾಲೇಜಿನವರು ಹಿಡಿಯಲಿ, ನೋಟ್‌ಬುಕ್ಕು ಮಕ್ಕಳು ಹಿಡಿಯಲಿ. ತಮ್ಮ ಅವ್ವ, ಅಜ್ಜಿ ಬಲ್ಲ ಸೊಪ್ಪಿನ ಹೆಸರು ಮಕ್ಕಳೇ ಬರೆಯಲಿ, ಕಾಲೇಜಿನವರು ಕೇಳಿಸಿಕೊಳ್ಳಲಿ. ಕೆಲಸದ ಸರದಿ ಹಾಜರಿ ನಂಬರಿನ ಪ್ರಕಾರ ನಡೆಯಲಿ, ಮೇಷ್ಟ್ರೂ ಅದರಲ್ಲಿ ಸೇರಲಿ. ಕಕ್ಕಸು, ಮೋರಿ ಮಕ್ಕಳ ಕೆಲಸವೇ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಮಾಡಿದ್ದು ಬೆಳೆದದ್ದು ಮಕ್ಕಳ ತಟ್ಟೆಗೆ ಬರಲಿ ಅಂತ. ಸೊಪ್ಪು ಬಿಸಿಯೂಟದ ಸಾರಿಗೆ ಬೀಳಲಿ, ಯಾರದೋ ಕೈಚೀಲಕ್ಕಲ್ಲ.

ಇನ್ನು ಪಾಠ. ನಗರದ ಶಾಲೆಯ ಅಂಗಳ ಅಂದರೆ ಕಟ್ಟಡ ಒಡೆದ ಪುಡಿ ತುಂಬಿದ ನೆಲ. ಸಿಮೆಂಟಿನ ಸುಣ್ಣ ಸೇರಿದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಅಪ್ಪ ಕಲಸುವ ಸಿಮೆಂಟಿಗೂ ಈ ಎಲೆಗೂ ಏನು ಸಂಬಂಧ ಎಂದು ಮಗುವಿಗೆ ಬಿಡಿಸಿ ಹೇಳಿ. ಅಲಸಂದೆ ಗಿಡ ಕಿತ್ತು ಬೇರಿನ ಗಂಟು ತೋರಿಸಿ. ಆ ಗಂಟಿನೊಳಗಿನ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ ಎಂದು ಹೇಳಿ. ರಸಾಯನಶಾಸ್ತ್ರ ಶುರುವಾಗುವುದು ಇಲ್ಲಿಂದ. ಇದನ್ನು ಹೇಳದೆ ಬರೀ ನೀರು ಹಾಕಿಸಿದರೆ ಅದು ಪಾಠವಲ್ಲ, ಬಿಟ್ಟಿ ಚಾಕರಿ.

ಹಾಸ್ಟೆಲ್ಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಿರುವ ನಮ್ಮ ತಮ್ಮಂದಿರೇ, ತಂಗಿಯರೇ, ಕೊನೆಯ ಮಾತು ನಿಮಗೆ. ನಿಮ್ಮ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ನೀವು. ಕೈತೋಟದ ನೆಪದಲ್ಲಿ ಆ ಮಕ್ಕಳ ಹತ್ತಿರ ಹೋಗಿ, ಏಳು ದಿನಕ್ಕೆ ಎದ್ದು ಬರಬೇಡಿ. ಎಂಟನೇ ಕ್ಲಾಸಿನಲ್ಲಿ ಸಿಕ್ಕ ಮಗುವನ್ನು ಎಸ್ಸೆಸ್ಸೆಲ್ಸಿ ದಾಟಿಸುವ ತನಕ ಕೈ ಬಿಡಬೇಡಿ. ಜಾತಿ, ಆದಾಯ ಪ್ರಮಾಣಪತ್ರ ಇಲ್ಲದೆ ವಿದ್ಯಾರ್ಥಿವೇತನ ತಪ್ಪುತ್ತಿದ್ದರೆ ಅವರ ಅವ್ವನ ಜೊತೆ ನಾಡಕಚೇರಿಗೆ ಹೋಗಿ ನಿಲ್ಲಿ. ಹಾಸ್ಟೆಲ್ಲಿನ ಅರ್ಜಿ ತುಂಬಿಕೊಡಿ. ಇಂಗ್ಲಿಷು, ಗಣಿತ ಹೇಳಿಕೊಡಿ. ಬೆಳೆಸುವುದಾದರೆ ಇದನ್ನು ಬೆಳೆಸಿ.

ಅಣ್ಣೆಸೊಪ್ಪಿನ ಹೆಸರು ಹೇಳಿದ ಆ ಹುಡುಗಿ ನಾಳೆ ಜಿಕೆವಿಕೆಯಲ್ಲಿ ಮಣ್ಣಿನ ವಿಜ್ಞಾನ ಓದುತ್ತಾಳೋ, ಇಲ್ಲ ಯಾರದೋ ಬಂಗಲೆಯ ಹುಲ್ಲಿಗೆ ನೀರು ಹಾಯಿಸುತ್ತಾಳೋ? ನಮ್ಮ ಜಗಳ ಇದೊಂದಕ್ಕೇ. ಗಿಡ ನೆಟ್ಟ ಲೆಕ್ಕ ನಮಗೆ ಬೇಡ. ಆ ಹುಡುಗಿಯ ಲೆಕ್ಕ ಕೊಡಿ.