ಅರ್ಥವರಿಯದ ಕಂಠ

ನಾನು ಸಂಗೀತಶಾಸ್ತ್ರವನ್ನು ಕಲಿತವನಲ್ಲ. ಕನ್ನಡ ಪಾಠ ಹೇಳುವವನು. ಪದ್ಯವನ್ನು ರಾಗವಾಗಿ ಓದುವ ಚಾಳಿಯೊಂದು ಮೊದಲಿನಿಂದಲೂ ಇರುವುದರಿಂದ, ಸಭೆ ಸಮಾರಂಭಗಳಲ್ಲಿ ಒಂದು ಭಾವಗೀತವನ್ನು ಹಾಡಿರೆಂದು ಕರೆಯುವವರಿದ್ದಾರೆ. ಇಂಥ ಅರೆಗಾಯಕನಿಗೆ ಜರ್ಮನರ ಕಲಾಗೀತಗಳ ಹುಚ್ಚು ಹಿಡಿದುದು ಹೇಗೆಂದು ಕೇಳಿದರೆ, ಮೂಡುಬಿದಿರೆಯ ಮಳೆಗಾಲದ ರಾತ್ರಿಗಳು ದೀರ್ಘವಾದುವು ಎಂದಷ್ಟೇ ಹೇಳಬಲ್ಲೆ.

ಜರ್ಮನರು ಅದನ್ನು ‘ಲೀಡ್’ ಎನ್ನುತ್ತಾರೆ. ಹಾಡು ಎಂದೇ ಆ ಮಾತಿನ ಅರ್ಥ. ಒಂದು ಕಂಠ, ಒಂದು ಪಿಯಾನೋ, ಕವಿಯೊಬ್ಬನ ಪದ್ಯ, ಇಷ್ಟೇ ಸಾಮಗ್ರಿ. ನಾನು ಮೊದಲು ಕೇಳಿದ್ದು, ಗಯಟೆಯ ಕಥನಕವನವೊಂದಕ್ಕೆ ಶೂಬರ್ಟನು 1815ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಸ್ವರ ಹಾಕಿದ ‘ಎರ್ಲ್‌ಕ್ಯೋನಿಗ್’. ತಂದೆಯೊಬ್ಬ ಇರುಳಿನಲ್ಲಿ ಮಗುವನ್ನು ಅಪ್ಪಿಕೊಂಡು ಕುದುರೆಯನ್ನೋಡಿಸುತ್ತಾನೆ. ಮಗುವಿಗೆ ಮಾತ್ರ ಕಾಣುವ ಮಾಯಾವಿ ಅರಸನೊಬ್ಬ ಅದನ್ನು ಪುಸಲಾಯಿಸಿ ಕರೆಯುತ್ತಾನೆ. ಮನೆ ಸೇರುವಾಗ ಮಗು ಸತ್ತಿರುತ್ತದೆ. ಕಥೆ ಹೇಳುವವನು, ತಂದೆ, ಮಗು, ಮಾಯಾವಿ ಈ ನಾಲ್ವರಿಗೂ ಇರುವುದು ಒಂದೇ ಕಂಠ. ಪಿಯಾನೋದ್ದು ಎಡೆಬಿಡದ ಗೊರಸಿನ ಸದ್ದು. ಬೆಳ್ತಂಗಡಿಯ ಬಯಲಾಟಗಳಲ್ಲಿ ಭಾಗವತರ ಪದ ಕೇಳಿ ಬೆಳೆದ ನನಗೆ ಇದು ಹೊಸತೆನಿಸಲಿಲ್ಲ. ಅಲ್ಲಿಯೂ ರಾವಣನಿಗೂ ಸೀತೆಗೂ ಒಬ್ಬರದೇ ಕಂಠ. ಯುದ್ಧವೆಂದರೆ ಚೆಂಡೆಯೇ ಯುದ್ಧ.

ಭಾಷೆ ಬಾರದಿದ್ದರೂ ಹಾಡು ತಿಳಿಯಿತೆಂದು ಬಗೆದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ, ಜರ್ಮನ್ ಬಲ್ಲ ಗೆಳೆಯರೊಬ್ಬರ ಮುಂದೆ ಹಾಡಿಯೂ ಬಿಟ್ಟೆ. ಅವರು ಮುಗಿಯುವ ತನಕ ಸುಮ್ಮನಿದ್ದು, “ಮಗುವನ್ನು ಸಂತೈಸುವ ತಂದೆಯ ಮಾತನ್ನೂ ನೀವು ಆ ಮಾಯಾವಿಯ ಹಾಗೆಯೇ ಒಲಿಸಿ ಹಾಡುತ್ತೀರಲ್ಲ!” ಎಂದರು. ನಕ್ಕೆವು. ಪರಭಾಷೆ, ಕ್ಷಮ್ಯ.

ಆದರೆ ಸ್ವಭಾಷೆ?

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿಯ ಕಡೆಯ ಮದುವೆಯೊಂದರಲ್ಲಿ, ಊಟದ ಪಂಕ್ತಿ ಏಳುವ ಹೊತ್ತಿಗೆ, ತಬಲೆ ಹಾರ್ಮೋನಿಯಂ ಸಮೇತ ನಾನೊಂದು ಬೇಂದ್ರೆಯವರ ಕವನವನ್ನು ಹಾಡಿದೆ. ಗಂಡನು ಹೆಂಡತಿಯ ನೋಟವನ್ನು ತಾಳಲಾರದೆ ಮೊರೆಯಿಡುವ ಆ ಕವನವನ್ನು ಅರಿಯದ ಕನ್ನಡಿಗರಿಲ್ಲ. ಮರುವಾರ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸರ್, ಅದು ಮಗು ಸತ್ತ ದುಃಖದ ಹಾಡಲ್ಲವೇ? ಮದುವೆಯಲ್ಲಿ ಹಾಡಿದಿರಲ್ಲ?” ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. ಆ ಕವನವನ್ನು ಪಾಠ ಹೇಳಿದವನು ನಾನೇ. ರಾಗದ ಮಾಧುರ್ಯ ಸಾವನ್ನು ಅಷ್ಟು ಚೆನ್ನಾಗಿ ಮರೆಸಿತ್ತು. ನಮ್ಮ ಕರಾವಳಿಯ ನಾಲಗೆಗೆ ಧಾರವಾಡದ ನುಡಿ ಅರೆ ಪರಭಾಷೆಯೆಂದು ನೆಪ ಹೇಳಬಹುದಿತ್ತು. ಹೇಳಲಿಲ್ಲ.

ಆಗ ನೆನಪಾದವನು ರೂಕರ್ಟ್. ಈತ ಜರ್ಮನಿಯಲ್ಲಿ ಪ್ರಾಚ್ಯಭಾಷೆಗಳ ಪ್ರಾಧ್ಯಾಪಕ. ನಳೋಪಾಖ್ಯಾನವನ್ನೂ ಗೀತಗೋವಿಂದವನ್ನೂ ಜರ್ಮನ್ನಿಗೆ ತಂದವನು. 1833-34ರ ಚಳಿಗಾಲದಲ್ಲಿ ತನ್ನ ಎರಡು ಮಕ್ಕಳನ್ನು ಕಳೆದುಕೊಂಡು ನಾನೂರಕ್ಕೂ ಮಿಕ್ಕಿ ಶೋಕಗೀತಗಳನ್ನು ಬರೆದ. ಅವುಗಳಲ್ಲಿ ಐದನ್ನು ಆಯ್ದು ಮಾಲರ್ 1901ರಿಂದ 1904ರ ತನಕ ಸ್ವರ ಹಾಕಿದ. ಇಲ್ಲಿ ಪಿಯಾನೋದ ಬದಲು ವಾದ್ಯವೃಂದ. ಮೊದಲನೆಯ ಗೀತದಲ್ಲಿ, ರಾತ್ರಿ ಏನೂ ಅನಾಹುತವಾಗಿಲ್ಲವೆಂಬಂತೆ ಸೂರ್ಯ ಬೆಳಗುತ್ತ ಮೂಡುತ್ತಾನೆ. ಸೂರ್ಯ ಏರುವನೆಂದು ಮಾತು ಹೇಳುವಾಗ ಸ್ವರ ಕೆಳಗಿಳಿಯುತ್ತದೆ! ಪದವನ್ನು ಓದಿ, ಅದರ ಹಿಂದಿನ ಮನೆಯನ್ನು ಕಂಡು, ಆಮೇಲೆ ಸ್ವರಕ್ಕೆ ಕೈಹಾಕಿದವನಿಗಲ್ಲದೆ ಇದು ಹೊಳೆಯದು.

ನಮ್ಮ ಸುಗಮ ಸಂಗೀತವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕವನವನ್ನು ಪುಸ್ತಕದಿಂದ ಮನೆಮನೆಗೆ ಒಯ್ದ ಉಪಕಾರ ಅದರದು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಪದ್ಯಗಳು ಹಾಡಾಗಿಯೇ ಅಲ್ಲವೇ ಮಕ್ಕಳ ಬಾಯಲ್ಲಿ ಉಳಿದುದು? ಆದರೆ ಪ್ರತಿ ನುಡಿಯ ಕೊನೆಗೂ ಪಲ್ಲವಿಗೆ ಓಡಿಬರುವ ನಮ್ಮ ಪದ್ಧತಿ ಎಲ್ಲ ಕವನಗಳಿಗೂ ಒಗ್ಗುವುದಿಲ್ಲ. ಮೊದಲ ನುಡಿಯಲ್ಲಿದ್ದ ಮನಸ್ಸು ನಾಲ್ಕನೆಯ ನುಡಿಯಲ್ಲಿ ಇರುವುದಿಲ್ಲ. ಕವಿ ಅಲ್ಲಿಂದ ಹೊರಟುಹೋಗಿರುತ್ತಾನೆ, ನಾವು ಮಾತ್ರ ಅವನನ್ನು ತಿರುತಿರುಗಿ ಬಾಗಿಲಿಗೆ ಎಳೆತರುತ್ತೇವೆ. ನುಡಿಯಿಂದ ನುಡಿಗೆ ಸ್ವರ ಬದಲಾಗಲಿ. ಬೇಕಾದಲ್ಲಿ ತಾಳವೇ ನಿಲ್ಲಲಿ. ಇದಕ್ಕೆ ಜರ್ಮನಿಗೂ ಹೋಗಬೇಕಾಗಿಲ್ಲ. ಪ್ರಸಂಗದ ನಡೆ ತಿರುಗಿದೊಡನೆ ರಾಗತಾಳಗಳನ್ನು ಬದಲಿಸುವ ಭಾಗವತರು ನಮ್ಮಲ್ಲೇ ಇದ್ದಾರೆ. ಕನ್ನಡ ಅಧ್ಯಾಪಕರ ಪಾಲೂ ಇದರಲ್ಲಿದೆ. ನಾವು ಪರೀಕ್ಷೆಗೆಂದು ಸಾರಾಂಶ ಬರೆಯಿಸುತ್ತೇವೆ, ಗಟ್ಟಿಯಾಗಿ ಓದಿಸುವುದಿಲ್ಲ.

ಈಚೆಗೆ ಬಂಟ್ವಾಳದ ಸಭೆಯೊಂದರಲ್ಲಿ ಅದೇ ಕವನವನ್ನು ಹಾಡಬೇಕೆಂಬ ಒತ್ತಾಯ ಬಂತು. ತಬಲೆ ಬೇಡವೆಂದೆ. ಬರಿಯ ಶ್ರುತಿಯ ಮೇಲೆ, ಪಲ್ಲವಿಗೆ ಮರಳದೆ, ಹೆಚ್ಚುಕಡಿಮೆ ಓದುವಂತೆ ಹಾಡಿದೆ. ಸ್ವರ ಎರಡು ಕಡೆ ತಪ್ಪಿತು ಕೂಡ. ಚಪ್ಪಾಳೆ ತಡವಾಗಿ ಬಂತು, ಹೆಚ್ಚೇನೂ ಬರಲಿಲ್ಲ. ಸುಮ್ಮನೆ ಕುಳಿತಿದ್ದ ತಬಲೆಯವರು ಗವುಸು ಹಾಕುತ್ತ ನನ್ನ ಕಡೆ ಬಾಗಿ ಕೇಳಿದರು: “ಇದು ಅದೇ ಹಾಡಾ ಮಾರಾಯ್ರೆ?”