ಹಿರಿಯರ ವಸ್ತುಗಳ ಪೂರ್ವಾಪರ

ಮನೆಯ ಹಿರಿಯರು ಕಣ್ಮುಚ್ಚಿ, ವೈಕುಂಠ ಸಮಾರಾಧನೆಯೂ ಮುಗಿದು, ಪಾಲುಪಟ್ಟಿಯ ಮಾತು ಹೊರಡುವ ಹೊತ್ತಿಗೆ, ಅಟ್ಟದಿಂದಲೂ ಕತ್ತಲೆಕೋಣೆಯಿಂದಲೂ ಒಂದೊಂದಾಗಿ ಇಳಿದುಬರುವ ಕಂಚಿನ ದೀಪ, ತಾಮ್ರದ ಹಂಡೆ, ಗಾಜೊಡೆದ ದೇವರ ಪಟ, ದಾರ ಬಿಚ್ಚಿಹೋದ ಓಲೆಗರಿಯ ಕಟ್ಟು, ಇವುಗಳ ವಿಷಯದಲ್ಲಿ ಎಲ್ಲಕ್ಕೂ ಮೊದಲು ಹುಟ್ಟುವ ಪ್ರಶ್ನೆ ಬೆಲೆಯದು. ಇದಕ್ಕೆ ಎಷ್ಟು ಬಂದೀತು ಎಂದು ಕೇಳುವುದು ದೋಷವೆಂದು ನಾನು ಹೇಳಲಾರೆ. ಸಂಸಾರದ ಭಾರವನ್ನು ಬಲ್ಲ ಯಾರೂ ಹೇಳಲಾರರು. ಆದರೆ ಇದು ಎಲ್ಲಿಂದ, ಯಾರ ಕೈಯಿಂದ, ಯಾವ ಸಂದರ್ಭದಲ್ಲಿ ಈ ಮನೆಗೆ ಬಂದಿತು ಎಂಬ ಪ್ರಶ್ನೆ ಅದಕ್ಕಿಂತ ಮುಂಚೆ ಬರಬೇಕು. ಬೆಲೆಯನ್ನು ಮುಂದಿನ ವರ್ಷವೂ ವಿಚಾರಿಸಬಹುದು; ಮೂಲವನ್ನು ಬಲ್ಲ ಮುತ್ತಜ್ಜಿಯನ್ನು ಮುಂದಿನ ವರ್ಷ ವಿಚಾರಿಸುವ ಅವಕಾಶ ನಮಗಿರುವುದೆಂಬ ಭರವಸೆಯಿಲ್ಲ.

ಇಂತಹ ಶೋಧನೆಗೆ ಬೇಕಾದ ಸಾಧನಗಳು ಅನೇಕ ವೇಳೆ ಮನೆಯಲ್ಲಿಯೇ ಇರುತ್ತವೆ. ನನ್ನ ಬಂಧುಗಳೊಬ್ಬರ ಮನೆಯಲ್ಲಿ ಬಚ್ಚಲೊಲೆಯ ಮಗ್ಗುಲಿಗೆ ಬಹುಕಾಲ ಬಿದ್ದಿದ್ದ ಹಿತ್ತಾಳೆಯ ಕೊಳದಪ್ಪಲೆಯೊಂದನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ, ಕಂಠದ ಕೆಳಗೆ ಉಳಿಯ ಮೊನೆಯಿಂದ ಚುಕ್ಕೆಚುಕ್ಕೆಯಾಗಿ ಕುಟ್ಟಿದ ಅಕ್ಷರಗಳು ಮಸಿಯ ಅಡಿಯಿಂದ ಕಾಣಿಸಿಕೊಂಡವು: ಪ್ರಭವ ಸಂವತ್ಸರ, ಒಂದು ಊರಿನ ಮೊದಲಕ್ಷರ, ಕೊಟ್ಟವರ ಹೆಸರಿನ ಸಂಕ್ಷೇಪ. ಸಂವತ್ಸರಗಳ ಚಕ್ರವು 60 ವರ್ಷಕ್ಕೊಮ್ಮೆ ತಿರುಗಿಬರುವುದರಿಂದ ಇಷ್ಟರಿಂದಲೇ ಕಾಲನಿರ್ಣಯವಾಗದು. ಪ್ರಭವವು 1867ರಲ್ಲಿಯೂ ಬಂದಿತ್ತು, 1927ರಲ್ಲಿಯೂ ಬಂದಿತ್ತು. ಸಂಶಯವನ್ನು ಪರಿಹರಿಸಿದ್ದು ತಗಡಿನ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದ ಮದುವೆಯ ಮುಯ್ಯಿಯ ಪಟ್ಟಿ. ಯಾರು ಎಷ್ಟು ರೂಪಾಯಿ, ಯಾರು ಯಾವ ಪಾತ್ರೆ, ಯಾರು ಎಷ್ಟು ಅಕ್ಕಿ ಎಂದು ಮುಂದೆ ಮುಯ್ಯಿ ತೀರಿಸುವ ಕರ್ತವ್ಯದೃಷ್ಟಿಯಿಂದ ಬರೆದಿಟ್ಟಿದ್ದ ಆ ಹಾಳೆಯಲ್ಲಿ ಅದೇ ಸಂಕ್ಷೇಪದ ಪೂರ್ಣ ಹೆಸರೂ, ಊರೂ, ಪಾತ್ರೆಯೂ ಇದ್ದವು. ಮದುವೆ ನಡೆದದ್ದು ಎರಡನೆಯ ಪ್ರಭವದಲ್ಲಿ. ವಂಶವೃಕ್ಷದಲ್ಲಿ ಯಾರೂ ಸ್ಮರಿಸದಿದ್ದ ಸೋದರತ್ತೆಯೊಬ್ಬಳ ತವರಿನ ಸಂಬಂಧ ಆ ಪಾತ್ರೆಯಿಂದ ಮತ್ತೆ ಗೊತ್ತಾಯಿತು. ತೂಕಕ್ಕೆ ಹೋಗಿದ್ದರೆ ಕೈಗೆ ಬರುತ್ತಿದ್ದುದು ಹಿತ್ತಾಳೆಯ ದರ ಮಾತ್ರ.

ಶಾನುಭೋಗಿಕೆ ಮಾಡಿದ ಮನೆತನಗಳಲ್ಲಿ ಕಡತಗಳಿರುತ್ತವೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದ ಈ ಕರಿಯ ಪುಸ್ತಕಗಳು ಧೂಳು ಹಿಡಿದ ಚಿಂದಿಯಂತೆ ತೋರುವುದರಿಂದ, ಶುಚಿಗೊಳಿಸಬೇಕೆಂಬ ಸದುದ್ದೇಶದಿಂದಲೇ ಯಾರಾದರೂ ಒದ್ದೆಬಟ್ಟೆಯಲ್ಲಿ ಒರೆಸಿಬಿಟ್ಟರೆ, ಊರೊಂದರ ಕಂದಾಯ, ಇನಾಮು, ಕೆರೆಯ ಪಾಲುಗಳ ಚರಿತ್ರೆ ಕ್ಷಣಮಾತ್ರದಲ್ಲಿ ಅಳಿಸಿಹೋಗುತ್ತದೆ. ಆದುದರಿಂದ ವಸ್ತುವಿನ ಮೂಲ ತಿಳಿಯುವವರೆಗೆ ಅದನ್ನು ತೊಳೆಯುವುದು, ಉಜ್ಜುವುದು, ಬಣ್ಣ ಹಚ್ಚಿಸುವುದು ಕೂಡದೆಂಬುದನ್ನು ನಾನು ಆಗ್ರಹದಿಂದಲೇ ಹೇಳುತ್ತೇನೆ. ನಿತ್ಯಪೂಜೆಯ ದೀಪಕ್ಕೆ ಹುಣಸೆಹಣ್ಣು ಹಾಕುವುದು ಬೇರೆ. ಎರಡು ತಲೆಮಾರು ಮುಟ್ಟದಿದ್ದ ವಿಗ್ರಹವನ್ನು ಹೊಳೆಯುವಂತೆ ತಿಕ್ಕಿ ಅದರ ಪೀಠದ ಸವೆದ ಅಕ್ಷರಗಳನ್ನು ಕಳೆಯುವುದು ಬೇರೆ.

ಪಟಗಳ ವಿಷಯದಲ್ಲಿ ಕಣ್ಣಿಗೆ ಸ್ವಲ್ಪ ಅಭ್ಯಾಸ ಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ವೃದ್ಧಿಹೊಂದಿದ ಮೈಸೂರು ಶೈಲಿಯ ಚಿತ್ರದಲ್ಲಿ ಚಿನ್ನದ ರೇಕಿನ ಕೆಳಗಿನ ಉಬ್ಬು ಬಹಳ ತೆಳು, ರೇಖೆ ಬಹಳ ಸೂಕ್ಷ್ಮ; ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಅದರಲ್ಲಿ ಗಾಜಿನ ತುಣುಕುಗಳನ್ನೂ ಹರಳುಗಳನ್ನೂ ಕೂರಿಸಿರುವುದು ಸಾಮಾನ್ಯ. ಇನ್ನು ಮನೆಮನೆಯಲ್ಲಿಯೂ ಇರುವ ಲಕ್ಷ್ಮಿ, ಸರಸ್ವತಿಯರ ಪಟಗಳು ರವಿವರ್ಮನ ಕುಂಚದಿಂದ ಬಂದವೆಂದು ಹೆಮ್ಮೆಯಿಂದ ತೋರಿಸುವವರಿದ್ದಾರೆ. ಅವುಗಳಲ್ಲಿ ಬಹುಪಾಲು 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ತರುವಾಯ ಲೋನಾವಳದ ಸಮೀಪಕ್ಕೆ ಹೋದ ಆತನ ಮುದ್ರಣಾಲಯದಲ್ಲಿಯೋ, ಅದನ್ನು ಅನುಸರಿಸಿದ ಇತರರಲ್ಲಿಯೋ ಅಚ್ಚಾದವು. ಚೌಕಟ್ಟನ್ನು ಬಿಚ್ಚಿದರೆ ಕೆಳಅಂಚಿನಲ್ಲಿ ಮುದ್ರಣಾಲಯದ ಹೆಸರೂ ವಿಳಾಸವೂ ಸಿಗುವುದುಂಟು, ಆ ವಿಳಾಸದಿಂದಲೇ ಕಾಲವನ್ನು ಸುಮಾರಾಗಿ ಊಹಿಸಬಹುದು. ಭೂತಗನ್ನಡಿ ಹಿಡಿದರೆ ಕಲ್ಲಚ್ಚಿನ ಚುಕ್ಕೆಗಳು ಅಡ್ಡಾದಿಡ್ಡಿಯಾಗಿಯೂ, ಈಚಿನ ಆಫ್‌ಸೆಟ್ ಮುದ್ರಣದ ಚುಕ್ಕೆಗಳು ಸಾಲುಗಟ್ಟಿಯೂ ಕಾಣುತ್ತವೆ. ಅಚ್ಚಿನ ಪಟವೆಂದು ತಿಳಿದ ಮಾತ್ರಕ್ಕೆ ಅದರ ಗೌರವ ಕುಗ್ಗಬೇಕಾಗಿಲ್ಲ. ಅಜ್ಜಿ ಅದರ ಸೀರೆಯಂಚಿಗೆ ಜರಿಯನ್ನೂ ಮಣಿಯನ್ನೂ ಹೊಲಿದು ಅಂಟಿಸಿದ್ದರೆ, ಅಂಥದು ಮತ್ತೊಂದಿಲ್ಲ.

ಮನೆತನದ ಮಾತನ್ನು ಆದರದಿಂದ ಕೇಳಬೇಕು; ಆದರೆ ಪರೀಕ್ಷಿಸದೆ ನಂಬಬಾರದು. ಹಳೆಯ ಕತ್ತಿಯೆಲ್ಲ ಟಿಪ್ಪುವಿನ ಕಾಲದ್ದು, ಹಳೆಯ ಪೆಟ್ಟಿಗೆಯೆಲ್ಲ ಅರಮನೆಯದು ಎಂಬ ಕಥೆ ವಂಶಾಭಿಮಾನದಿಂದ ತಾನಾಗಿ ಬೆಳೆಯುವಂಥದು. ಮೂಲವನ್ನು ಕಲ್ಪಿಸಿಕೊಳ್ಳುವ ಈ ಆಸೆ ಇಂದಿನದೂ ಅಲ್ಲ. ಗಂಗರ ಹೆಸರಿನಲ್ಲಿ ದೊರೆತ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಶಾಸನತಜ್ಞರಾದ ಫ್ಲೀಟರು ಲಿಪಿಯನ್ನೂ ತಿಥಿವಾರಗಳನ್ನೂ ಮುಂದಿಟ್ಟು ವಾದಿಸಿದರು. ಆ ವಿಷಯದಲ್ಲಿ ಅವರಿಗೂ ಬಿ. ಎಲ್. ರೈಸರಿಗೂ ನಡೆದ ವಾಗ್ವಾದ ಕನ್ನಡ ನಾಡಿನ ಚರಿತ್ರೆಯ ಅಭ್ಯಾಸಿಗಳೆಲ್ಲ ಬಲ್ಲದ್ದು. ಅದೇ ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ, ತಾಮ್ರಪಟ ಯಾವ ಊರಿನ ಯಾವ ಗೃಹಸ್ಥರ ವಶದಲ್ಲಿತ್ತೆಂಬುದನ್ನು ಪಾಠದೊಡನೆ ಗುರುತುಮಾಡಿರುವುದನ್ನು ಕಾಣುತ್ತೇವೆ. ಆ ಒಂದು ಸಾಲಿನ ಆಧಾರದಿಂದಲೇ ಇಂದಿಗೂ ಸಂಶೋಧಕರು ಮೂಲವನ್ನು ಹುಡುಕಿಕೊಂಡು ಹೋಗುತ್ತಾರೆ.

ಬೆಲೆಯನ್ನೇ ಮುಖ್ಯವಾಗಿ ನೋಡುವವರಿಗೂ ಈ ಮಾತು ಅನ್ವಯಿಸುತ್ತದೆ. 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಶಯನಾಗಾರದ ಖಡ್ಗ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಹೋಯಿತು. ಉಕ್ಕಿನ ಗುಣವೂ ಚಿನ್ನದ ಕೆಲಸವೂ ಉತ್ಕೃಷ್ಟವಾಗಿದ್ದವು, ನಿಜ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೈನ್ಯವು ಅದನ್ನು ತನ್ನ ಸೇನಾನಿ ಡೇವಿಡ್ ಬೇರ್ಡನಿಗೆ ಅರ್ಪಿಸಿತೆಂಬುದಕ್ಕೆ ಖಡ್ಗದ ಮೇಲೆಯೇ ಲಿಖಿತ ಸಾಕ್ಷ್ಯವಿಲ್ಲದಿದ್ದರೆ ಅಷ್ಟು ಹಣವನ್ನು ಯಾರು ಕೊಡುತ್ತಿದ್ದರು? ಸೋತವರ ವಸ್ತುವಿನ ಪೂರ್ವಾಪರವನ್ನು ಗೆದ್ದವರು ಅಷ್ಟು ಶ್ರದ್ಧೆಯಿಂದ ಬರೆದಿಟ್ಟರೆಂಬುದು ನನ್ನನ್ನು ಬಹಳ ಕಾಲ ಕಾಡಿದೆ.

ನಮ್ಮಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆ ಮೈಸೂರಿನಲ್ಲಿಯೇ ಇದೆ. ತಂಜಾವೂರು ಪ್ರಾಂತ್ಯದ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಗ್ರಂಥಲಿಪಿಯ ಓಲೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರ ಸುಮಾರಿಗೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಪ್ರಾಚೀನ ಭಾರತದ ರಾಜ್ಯಶಾಸ್ತ್ರದ ವಿಷಯದಲ್ಲಿ ಲೋಕದ ಅಭಿಪ್ರಾಯವೇ ಬದಲಾಯಿತು. ಕೊಟ್ಟ ಪಂಡಿತರ ಹೆಸರು ಮಾತ್ರ ಲೋಕಕ್ಕೆ ತಿಳಿಯಲಿಲ್ಲ. ಅವರ ಮನೆಯಲ್ಲಿ ಅದನ್ನು ಯಾರು ಓದುತ್ತಿದ್ದರು, ಎಷ್ಟು ತಲೆಮಾರು ಕಾಪಾಡಿದರು, ಯಾವ ಪ್ರತಿಯಿಂದ ನಕಲು ಮಾಡಿದರು, ಇವೆಲ್ಲ ಆ ಹೆಸರಿನೊಡನೆಯೇ ಹೋದವು.

ಕಾನೂನಿನ ಭಯ ಅನೇಕರ ಬಾಯಿ ಕಟ್ಟಿದೆ. 1972ರ ಪ್ರಾಚ್ಯವಸ್ತುಗಳ ಅಧಿನಿಯಮದ ಪ್ರಕಾರ ಸಾಮಾನ್ಯವಾಗಿ 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳೂ, 75 ವರ್ಷಕ್ಕೆ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳು. ವಿಗ್ರಹ, ಚಿತ್ರ ಮುಂತಾದ ಕೆಲವು ವರ್ಗಗಳನ್ನು ನೋಂದಾಯಿಸಬೇಕು. ಖಾಸಗಿಯವರು ಯಾವ ಪ್ರಾಚ್ಯವಸ್ತುವನ್ನೂ ದೇಶದಾಚೆಗೆ ಕಳುಹಿಸುವಂತಿಲ್ಲ. ಪರದೇಶದಲ್ಲಿರುವ ಮಗನ ಮನೆಗೆ ತಾತನ ವಿಗ್ರಹವನ್ನು ಕೊಂಡೊಯ್ಯಬಯಸುವವರು ಇದನ್ನು ವಿಮಾನನಿಲ್ದಾಣದಲ್ಲಿ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಲೇಸು. ಆದರೆ ನೋಂದಾಯಿಸಿದ ಮಾತ್ರಕ್ಕೆ ಒಡೆತನ ತಪ್ಪಿಹೋಗುವುದಿಲ್ಲವೆಂಬುದನ್ನು ಜನರಿಗೆ ಸರ್ಕಾರವೇ ಸ್ಪಷ್ಟವಾಗಿ ಸಾರಬೇಕಾಗಿದೆ. ಅದು ಆಗದಿರುವುದರಿಂದಲೇ ವಸ್ತುಗಳು ಬಚ್ಚಿಟ್ಟಲ್ಲಿಯೇ ಉಳಿದು, ಕಡೆಗೆ ಕೇಳದೆ ಕೊಳ್ಳುವವನ ಕೈಸೇರುತ್ತವೆ.

ನನ್ನ ಸೂಚನೆಯಿಷ್ಟು. ಪುರಾತತ್ವ ಇಲಾಖೆಯವರು ಜಿಲ್ಲೆಯ ವಸ್ತುಸಂಗ್ರಹಾಲಯಗಳಲ್ಲಿ ತಿಂಗಳಿಗೊಂದು ದಿನವನ್ನು ಗೊತ್ತುಮಾಡಿ, ಹಳಗನ್ನಡ, ಮೋಡಿ, ಗ್ರಂಥ ಲಿಪಿಗಳನ್ನು ಓದಬಲ್ಲವರೊಬ್ಬರನ್ನೂ ಲೋಹ, ಮರ, ಚಿತ್ರಗಳ ಪರಿಚಯವುಳ್ಳವರೊಬ್ಬರನ್ನೂ ಕೂರಿಸಬೇಕು. ಜನರು ತಮ್ಮ ಮನೆಯ ವಸ್ತುವನ್ನಾಗಲಿ, ತರಲಾಗದಿದ್ದರೆ ಅದರ ಛಾಯಾಚಿತ್ರವನ್ನಾಗಲಿ ನಿರ್ಭಯವಾಗಿ ತಂದು ತೋರಿಸುವಂತಾಗಬೇಕು. ಅಲ್ಲಿ ಕ್ರಯದ ಮಾತು ಬೇಡ. ವಸ್ತು ಏನು, ಯಾವ ಕಾಲದ್ದಿರಬಹುದು, ಹೇಗೆ ಕಾಪಾಡಬೇಕು ಎಂಬುದನ್ನು ಬಲ್ಲವರು ಹೇಳಲಿ. ಯಾರಿಂದ ಬಂತು, ಯಾವ ಊರಿನದು ಎಂಬುದನ್ನು ತಂದವರು ಹೇಳಲಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು, ಒಂದು ಪ್ರತಿಯನ್ನು ಮನೆಯವರಿಗೆ ಕೊಟ್ಟು, ಇನ್ನೊಂದನ್ನು ಸಂಗ್ರಹಾಲಯದ ದಫ್ತರದಲ್ಲಿಡಲಿ.