ಪಠ್ಯದಲ್ಲಿ ಗ್ಲೋಮಸ್ ಇದೆ, ಬ್ಯಾಸಿಲಸ್ ಎಲ್ಲಿ?

ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಬರುವ ತರಕಾರಿಯಲ್ಲಿ ಬಹಳಷ್ಟು ಕೋಲಾರ, ಮಾಲೂರು, ಹೊಸಕೋಟೆ ಕಡೆಯ ಕೆಂಪು ಮಣ್ಣಿನದು. ಅಲ್ಲಿನ ರೈತರು ಬಿತ್ತನೆಗೆ ಮುಂಚೆ ಕೇಳುವ ಮೊದಲ ಪ್ರಶ್ನೆ, "ಡಿಎಪಿ ಬಂತಾ?" ಸಬ್ಸಿಡಿ ಕಳೆದೂ 50 ಕೆಜಿ ಚೀಲಕ್ಕೆ 1350 ರೂಪಾಯಿ ಕೊಡುತ್ತಾ ಬಂದಿದ್ದಾರೆ. ಅದರಲ್ಲಿರುವ ರಂಜಕದಲ್ಲಿ ಮೊದಲ ಬೆಳೆಗೆ ಸಿಗುವುದು ಸಾಮಾನ್ಯವಾಗಿ ಕಾಲು ಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಹೆಚ್ಚಿನದು ಮಣ್ಣಿನಲ್ಲೇ ಇರುತ್ತದೆ. ನಮ್ಮ ಆಮ್ಲೀಯ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಜೊತೆ, ಉತ್ತರ ಕರ್ನಾಟಕದ ಕಪ್ಪು ಮಣ್ಣಿನಲ್ಲಿ ಕ್ಯಾಲ್ಸಿಯಂ ಜೊತೆ ಅಂಟಿಕೊಂಡು ಕೂತಿರುತ್ತದೆ. ಖಾತೆಯಲ್ಲಿ ದುಡ್ಡಿದೆ, ಚೆಕ್ ಬುಕ್ ಇಲ್ಲ ಎಂಬಂಥ ಸ್ಥಿತಿ.

ಈ ಗಂಟನ್ನು ಬಿಚ್ಚುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲೇ ಇವೆ. ಬ್ಯಾಸಿಲಸ್, ಸ್ಯೂಡೋಮೊನಾಸ್‌ಗಳ ಕೆಲವು ತಳಿಗಳು ಗ್ಲುಕೋನಿಕ್ ಆಮ್ಲದಂಥ ಸಾವಯವ ಆಮ್ಲಗಳನ್ನು ಬಿಟ್ಟು ರಂಜಕವನ್ನು ಕರಗಿಸುತ್ತವೆ. ಆದರೆ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಜೈವಿಕ ಗೊಬ್ಬರದ ಭಾಗ ತೆಗೆದು ನೋಡಿ. ರೈಜೋಬಿಯಂ, ಅಜೋಟೋಬ್ಯಾಕ್ಟರ್ ಎಲ್ಲ ಸಾರಜನಕದ್ದು. ರಂಜಕಕ್ಕೆ ಗ್ಲೋಮಸ್ ಎಂಬ ಶಿಲೀಂಧ್ರ ಬಿಟ್ಟರೆ ಬೇರೆ ಹೆಸರಿಲ್ಲ. ಪರೀಕ್ಷೆಗೆ ಎರಡು ಅಂಕದ ಉತ್ತರ ಬರೆದು ಮುಂದೆ ಹೋಗುತ್ತೇವೆ.

ಹಾಗಂತ ಪ್ಯಾಕೆಟ್ ಹಾಕಿದರೆ ಡಿಎಪಿ ಬೇಡ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಈ ಬ್ಯಾಕ್ಟೀರಿಯಾ ಹೊಸ ರಂಜಕ ಸೃಷ್ಟಿಸುವುದಿಲ್ಲ, ಇರುವುದನ್ನು ಬಿಡಿಸುತ್ತದೆ, ಅಷ್ಟೇ. ಲ್ಯಾಬಿನಲ್ಲಿ ತಳಿಗಳನ್ನು ಆರಿಸುವುದು ಹೆಚ್ಚಾಗಿ 1948ರ ಪಿಕೋವ್‌ಸ್ಕಯಾ ಮಾಧ್ಯಮದಲ್ಲಿ. ಅದರಲ್ಲಿ ಇರುವುದು ಕ್ಯಾಲ್ಸಿಯಂ ಫಾಸ್ಫೇಟ್. ಆಮ್ಲ ಬಿದ್ದರೆ ಸುಲಭವಾಗಿ ಕರಗುತ್ತದೆ. ಕಬ್ಬಿಣಕ್ಕೆ ಅಂಟಿದ್ದು ಅಷ್ಟು ಸುಲಭವಲ್ಲ. ಪ್ಲೇಟಿನಲ್ಲಿ ಗೆದ್ದ ತಳಿ ಮಾಲೂರಿನ ಹೊಲದಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಅಂಗಡಿಯ ಶೆಲ್ಫು: ಇದು ಜೀವಂತ ವಸ್ತು, ಬಿಸಿಲಿನಲ್ಲಿಟ್ಟರೆ ಸಾಯುತ್ತದೆ. ದ್ರವರೂಪದ ಗೊಬ್ಬರದ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಕೋಶ ಇರಬೇಕೆಂದು ನಿಯಮವಿದೆ. ಎಣಿಸಿ ಕೊಳ್ಳುವ ರೈತ ಎಲ್ಲಿದ್ದಾನೆ?

ಎಣಿಸುವುದನ್ನು ನಾವು ಕಲಿಯಬಹುದು. ನಮ್ಮ ಉಪನ್ಯಾಸಕರಲ್ಲಿ ಕೋರಿಕೆ ಇಷ್ಟೇ: ಒಂದು ಪ್ರಾಯೋಗಿಕ ತರಗತಿಯನ್ನು ಇದಕ್ಕೆ ಕೊಡಿ. ಊರಿನಲ್ಲಿ ಜಮೀನಿರುವ ಸಹಪಾಠಿಗಳು ಒಂದೊಂದು ಹಿಡಿ ಮಣ್ಣು ತರಲಿ. ಒಂದೇ ಬ್ಯಾಚಿನ ಎರಡು ಪ್ಯಾಕೆಟ್ ಕೊಂಡು, ಒಂದನ್ನು ನೆರಳಲ್ಲಿ, ಇನ್ನೊಂದನ್ನು ವಾರವಿಡೀ ಟೆರೇಸಿನ ಬಿಸಿಲಲ್ಲಿ ಇಡೋಣ. ಪ್ಲೇಟಿಗೆ ಹಾಕಿದ ಮೇಲೆ ಯಾವುದರ ಸುತ್ತ ತಿಳಿಯಾದ ಬಳೆ ಮೂಡುತ್ತದೆ, ಯಾವುದರಲ್ಲಿ ಏನೂ ಬೆಳೆಯುವುದಿಲ್ಲ, ನೋಡೋಣ. ಮುಚ್ಚಳ ತೆರೆಯದೆ ಎಣಿಸಬೇಕು, ಮುಗಿದ ಮೇಲೆ ಪ್ಲೇಟುಗಳನ್ನು ಆಟೋಕ್ಲೇವ್ ಮಾಡಬೇಕು. ಬಂದ ಲೆಕ್ಕವನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಮಣ್ಣು ಕೊಟ್ಟವರ ಮನೆಗೆ ಕಳಿಸೋಣ.